ಬಂಗಾಳದ ದೇವಸ್ಥಾನ: ಮೊದಲು ಮಾಡನ್ನು ನೋಡಿ

ಪ್ರಶ್ನೆ: ಚಳಿಗಾಲದಲ್ಲಿ ಮನೆಯವರೆಲ್ಲ ಕೋಲ್ಕತ್ತಾ ಕಡೆ ಹೋಗಿದ್ದೆವು. ದಕ್ಷಿಣೇಶ್ವರ, ಬಿಷ್ಣುಪುರ ನೋಡಿ ಬಂದೆವು. ಅಲ್ಲಿನ ದೇವಸ್ಥಾನಗಳು ನಮ್ಮ ಕಡೆಯವುಗಳ ಹಾಗೆ ಇಲ್ಲವೇ ಇಲ್ಲ. ಗುಡಿಸಲಿನಂಥ ಮಾಡು, ಬಾಗಿದ ಸೂರು, ಇಟ್ಟಿಗೆಯ ಗೋಡೆ. ಗೈಡ್ ‘ನವರತ್ನ’, ‘ಆಟ್ ಚಾಲಾ’ ಎಂದೆಲ್ಲ ಹೇಳಿದರು, ಅರ್ಥ ಆಗಲಿಲ್ಲ. ಇದು ನಾಗರ ಶೈಲಿಯಾ, ಬೇರೆಯಾ? ಮಸೀದಿ ನೋಡಿ ಕಟ್ಟಿದ್ದು ಎಂದು ಜೊತೆಯಲ್ಲಿದ್ದ ಒಬ್ಬರು ಹೇಳಿದರು. ಅದು ನಿಜವೇ?

ಉತ್ತರ: ನಾಗರ (ಉತ್ತರದ ಶೈಲಿ), ದ್ರಾವಿಡ (ದಕ್ಷಿಣದ್ದು), ವೇಸರ (ಎರಡರ ಬೆರಕೆ) ಎಂಬ ಮೂರು ಹೆಸರು ಹಿಡಿದು ಬಂಗಾಳಕ್ಕೆ ಹೋದರೆ ಯಾರಿಗಾದರೂ ಗೊಂದಲ ಆಗುತ್ತದೆ. ಅಲ್ಲಿ ಅವು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಬಂಗಾಳದಲ್ಲಿ ಮೊದಲು ಮಾಡನ್ನು, ಅಂದರೆ ಛಾವಣಿಯನ್ನು, ನೋಡಬೇಕು. ಹಳ್ಳಿಯವರು ತಾವು ವಾಸ ಮಾಡುವ ಮನೆಯ ಮಾಡನ್ನೇ ಇಟ್ಟಿಗೆಯಲ್ಲಿ ಕಟ್ಟಿ ದೇವರನ್ನು ಅದರೊಳಗೆ ಕೂರಿಸಿದರು. ಮಾಡಿಗೆ ಎಷ್ಟು ಇಳಿಜಾರು, ಅದರ ಮೇಲೆ ಎಷ್ಟು ಶಿಖರ, ಇಷ್ಟು ಎಣಿಸಿದರೆ ಸಾಕು, ಶೈಲಿಯ ಹೆಸರು ಸಿಗುತ್ತದೆ. ನಿಮ್ಮ ಗೈಡ್ ಹೇಳಿದ ಎರಡು ಹೆಸರೂ ಹೀಗೆ ಎಣಿಸಿ ಇಟ್ಟವೇ.

ಮೊದಲು ನೆಲದ ವಿಷಯ. ಗಂಗೆ, ಬ್ರಹ್ಮಪುತ್ರ ಮತ್ತು ಅವುಗಳ ಕವಲುಗಳು ತಂದು ಹಾಕಿದ ಮೆಕ್ಕಲುಮಣ್ಣಿನ ಬಯಲು ಬಂಗಾಳ. ಪಶ್ಚಿಮದ ಅಂಚು ಬಿಟ್ಟರೆ ಕಟ್ಟಡಕ್ಕೆ ಬರುವ ಕಲ್ಲು ಸಿಗುವುದೇ ಕಷ್ಟ. ಜೇಡಿಮಣ್ಣು ಮಾತ್ರ ಬೇಕಾದಷ್ಟು. ಅದನ್ನು ಸುಟ್ಟರೆ ಇಟ್ಟಿಗೆ. ಸುಣ್ಣಕ್ಕೆ ಇಟ್ಟಿಗೆಪುಡಿ ಕಲಸಿದರೆ ಸುರ್ಕಿ ಗಾರೆ. ಇನ್ನು ಮಳೆ ಹೇಳಬೇಕಾಗಿಯೇ ಇಲ್ಲ, ಅಲ್ವಾ? ಹಳ್ಳಿಯ ಮನೆಗೆ ಬಿದಿರಿನ ಚೌಕಟ್ಟು, ಮೇಲೆ ಹುಲ್ಲು. ಬಿದಿರು ಬಾಗುತ್ತದೆ. ಹಾಗಾಗಿ ಮಾಡಿನ ನೆತ್ತಿ ನಡುವೆ ಉಬ್ಬಿ ಎರಡು ತುದಿಗೆ ಇಳಿಯುತ್ತದೆ, ಸೂರು ಕೂಡ ಅದೇ ಬಾಗು ಪಡೆಯುತ್ತದೆ. ಇಟ್ಟಿಗೆಯಲ್ಲಿ ಕಟ್ಟುವಾಗ ಆ ಬಾಗು ಬೇಕೇಬೇಕು ಎಂದೇನೂ ಇರಲಿಲ್ಲ. ಆದರೂ ಅದನ್ನು ಬಿಡಲಿಲ್ಲ. ಜನರ ಕಣ್ಣಿಗೆ ‘ಮನೆ’ ಎಂದರೆ ಅದೇ ಆಗಿತ್ತು.

ಈ ಮಾಡಿನ ಒಂದೊಂದು ಇಳಿಜಾರಿಗೂ ಅಲ್ಲಿ ಚಾಲಾ ಎನ್ನುತ್ತಾರೆ. ಎರಡು ಇಳಿಜಾರಿದ್ದರೆ ದೋಚಾಲಾ. ಇದನ್ನೇ ಏಕ್ ಬಾಂಗ್ಲಾ ಎಂದೂ ಕರೆಯುತ್ತಾರೆ. ಒಂದೇ ಒಂದು ದೋಚಾಲಾ ಇರುವ ದೇವಸ್ಥಾನ ಜಾಸ್ತಿ ಕಾಣಸಿಗುವುದಿಲ್ಲ. ಮುರ್ಶಿದಾಬಾದ್ ಜಿಲ್ಲೆಯ ಬಡನಗರದಲ್ಲಿ ನಾಟೋರಿನ ರಾಣಿ ಭವಾನಿ 18ನೇ ಶತಮಾನದಲ್ಲಿ ಕಟ್ಟಿಸಿದ ಚಾರ್ ಬಾಂಗ್ಲಾ ಇದೆ. ಒಂದು ಅಂಗಳ, ಅದರ ನಾಲ್ಕು ಕಡೆಗೂ ಒಂದೊಂದು ದೋಚಾಲಾ. ಹಳ್ಳಿಮನೆಯ ಅಂಗಳದ ಸುತ್ತ ಕೋಣೆಗಳನ್ನು ಹೇಗೆ ಕಟ್ಟುತ್ತಾರೋ ಹಾಗೆಯೇ.

ಎರಡು ದೋಚಾಲಾಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟಿದರೆ ಜೋಡ್ ಬಾಂಗ್ಲಾ. ಮುಂದಿನದು ಜಗುಲಿ, ಹಿಂದಿನದು ಗರ್ಭಗುಡಿ. ಬಿಷ್ಣುಪುರದಲ್ಲಿ, ಆ ಊರನ್ನು ಆಳಿದ ಮಲ್ಲ ಮನೆತನದ ದೊರೆ ರಘುನಾಥ ಸಿಂಹ 1655ರಲ್ಲಿ ಕಟ್ಟಿಸಿದ ಕೇಷ್ಟರಾಯ ದೇವಸ್ಥಾನ ಈ ಬಗೆಯದು. ನೀವು ಅದನ್ನು ಖಂಡಿತ ನೋಡಿರುತ್ತೀರಿ. ಎರಡು ಮಾಡು ಸೇರುವ ಜಾಗದ ಮೇಲೆ ನಾಲ್ಕು ಇಳಿಜಾರಿನ ಒಂದು ಪುಟ್ಟ ಶಿಖರವನ್ನು ಕೂರಿಸಿದ್ದಾರೆ. ಎರಡು ಮಾಡು ಒಟ್ಟಿಗೆ ಬಂದರೆ ನಡುವೆ ಒಂದು ಕಣಿವೆ ಬರುತ್ತದೆ, ಆ ಜಾಗ ನೋಡಲು ಖಾಲಿ ಖಾಲಿ ಅನಿಸುತ್ತದೆ. ಆ ಶಿಖರ ಎರಡನ್ನೂ ಹಿಡಿದು ಒಂದೇ ಕಟ್ಟಡ ಮಾಡಿಬಿಡುತ್ತದೆ. ನನ್ನ ಮಟ್ಟಿಗೆ ಬಂಗಾಳದಲ್ಲಿ ಇದಕ್ಕಿಂತ ಚೆಂದದ ಕಟ್ಟಡ ಇನ್ನೊಂದಿಲ್ಲ.

ನಾಲ್ಕು ಕಡೆಗೂ ಇಳಿದು ಮೇಲೆ ಒಂದೆಡೆ ಸೇರುವ ಮಾಡು ಚಾರ್ ಚಾಲಾ. ಅದರ ಮೇಲೆ ಗಿಡ್ಡ ಗೋಡೆ ಎಬ್ಬಿಸಿ ಇನ್ನೊಂದು ಚಿಕ್ಕ ಚಾರ್ ಚಾಲಾ ಕೂರಿಸಿದರೆ ಇಳಿಜಾರು ಎಂಟಾಯಿತು. ಅದೇ ನಿಮ್ಮ ಗೈಡ್ ಹೇಳಿದ ಆಟ್ ಚಾಲಾ. ಕೋಲ್ಕತ್ತಾ ಸುತ್ತಮುತ್ತ, ಹೂಗ್ಲಿ, ಹೌರಾ ಕಡೆ ಎಲ್ಲಿ ನೋಡಿದರೂ ಇದೇ. ಕಾಳಿಘಾಟಿನ ಈಗಿನ ದೇವಸ್ಥಾನವೂ ಆಟ್ ಚಾಲಾ, ಅದು 1809ರದು. ಹೂಗ್ಲಿ ಜಿಲ್ಲೆಯ ಆಂಟ್‌ಪುರದ ರಾಧಾಗೋವಿಂದ ದೇವಸ್ಥಾನ 1786ರದು, ಅದು ಇನ್ನೂ ಭಾರಿಯಾದದ್ದು. ಅದರ ಪಕ್ಕದಲ್ಲೇ ಹುಲ್ಲಿನ ಮಾಡಿನ ಒಂದು ಮರದ ಚಂಡಿಮಂಟಪ (ದೇವಿಪೂಜೆಯ ಮಂಟಪ) ಉಳಿದಿದೆ. ಮರ, ಬಿದಿರಿನ ಮೂಲವನ್ನೂ ಅದರ ಇಟ್ಟಿಗೆಯ ರೂಪವನ್ನೂ ಅಕ್ಕಪಕ್ಕದಲ್ಲೇ ಇಟ್ಟು ನೋಡಬೇಕು ಎಂದರೆ ಅಲ್ಲಿಗೇ ಹೋಗಬೇಕು. ಹನ್ನೆರಡು ಇಳಿಜಾರಿನ ಬಾರೊ ಚಾಲಾ ಕೂಡ ಇದೆ, ಅಪರೂಪಕ್ಕೆ.

ಇಷ್ಟು ಚಾಲಾ ಕುಟುಂಬ. ಇನ್ನೊಂದು ಕುಟುಂಬ ರತ್ನ.

ರತ್ನ ಎಂದರೆ ಇಲ್ಲಿ ಶಿಖರ. ಕೆಳಗೆ ಬಾಗಿದ ಸೂರಿನ ಚೌಕ ಕಟ್ಟಡ, ಸ್ವಲ್ಪವೇ ಉಬ್ಬಿದ ಮಾಡು. ಆ ಮಾಡಿನ ನಡುವೆ ಒಂದು ಶಿಖರ ಇದ್ದರೆ ಏಕರತ್ನ. ನಾಲ್ಕು ಮೂಲೆಗೂ ಒಂದೊಂದು ಸೇರಿದರೆ ಪಂಚರತ್ನ. ಅದರ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಿ, ಅದರ ಮೂಲೆಗಳಿಗೂ ನಾಲ್ಕು ಇಟ್ಟು, ನಡುವಿನದನ್ನು ತುದಿಗೆ ಒಯ್ದರೆ ನವರತ್ನ. ಅಂತಸ್ತು ಏರಿದ ಹಾಗೆ 13, 17, 21, 25ರವರೆಗೆ ಹೋಗುತ್ತದೆ. 25ಕ್ಕೆ ಬಂದಾಗ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಕೆಳಗಿನ ಅಂತಸ್ತಿನ ಮೂಲೆಗೆ ಮೂರು ಮೂರು, ಒಟ್ಟು 12. ಅದರ ಮೇಲೆ ಮೂಲೆಗೆ ಎರಡೆರಡು, ಒಟ್ಟು 8. ಆಮೇಲೆ 4. ತುದಿಯಲ್ಲಿ 1. ಕಾಲ್ನಾದಲ್ಲಿ ಬರ್ಧಮಾನದ ರಾಜಮನೆತನ ಕಟ್ಟಿಸಿದ ಲಾಲ್‌ಜಿ (1739), ಕೃಷ್ಣಚಂದ್ರ (1751) ದೇವಸ್ಥಾನಗಳು ಈ 25 ರತ್ನದವು.

ಈಗ ದಕ್ಷಿಣೇಶ್ವರವನ್ನು ನೆನಪು ಮಾಡಿಕೊಳ್ಳಿ. ರಾಣಿ ರಾಸಮಣಿ ಕಟ್ಟಿಸಿ 1855ರಲ್ಲಿ ಪ್ರತಿಷ್ಠೆ ಮಾಡಿಸಿದ ಭವತಾರಿಣಿ ದೇವಸ್ಥಾನ ನವರತ್ನ. ಗಂಗೆಯ ದಂಡೆಗೆ ಸಾಲಾಗಿರುವ 12 ಶಿವಾಲಯಗಳು ಆಟ್ ಚಾಲಾ. ಅದೇ ಅಂಗಳದ ರಾಧಾಕೃಷ್ಣ ದೇವಸ್ಥಾನಕ್ಕೆ ಚಪ್ಪಟೆ ತಾರಸಿ, ಕಂಬಗಳ ಪಡಸಾಲೆ. ಅದು ದಾಲಾನ್ ಎಂಬ ಮೂರನೇ ಬಗೆ, ಬ್ರಿಟಿಷರ ಕಾಲದಲ್ಲಿ ಜಾಸ್ತಿಯಾದದ್ದು. ರಾಮಕೃಷ್ಣ ಪರಮಹಂಸರ ಮೇಲಿನ ಭಕ್ತಿಯಿಂದ ನಮ್ಮ ಕಡೆಯವರು ಎಷ್ಟೋ ಜನ ಅಲ್ಲಿಗೆ ಹೋಗಿ ಬರುತ್ತಾರೆ. ಮೂರು ಬಗೆಗಳ ನಡುವೆಯೇ ಅವರೆಲ್ಲ ನಿಂತಿರುತ್ತಾರೆ. ನದಿ ದಾಟಿದರೆ ಸಿಗುವ ಬೇಲೂರು ಮಠವನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. 1938ರಲ್ಲಿ ಪ್ರತಿಷ್ಠೆಯಾದ ಆ ಮಂದಿರದಲ್ಲಿ ಬೇರೆ ಬೇರೆ ಧರ್ಮಗಳ ಕಟ್ಟಡಶೈಲಿಗಳನ್ನು ಬೇಕೆಂದೇ ಸೇರಿಸಿದ್ದಾರೆ.

ಶಿಖರಗಳನ್ನು ಹೀಗೆ ಮಾಡಿನ ಮೇಲೆ ಯಾಕೆ ಏರಿಸಿದರು? ಇದಕ್ಕೆ ಉತ್ತರ ಭಕ್ತಿಯಲ್ಲಿದೆ. ಚೈತನ್ಯ ಮಹಾಪ್ರಭು (1486–1534) ಹೊತ್ತಿಸಿದ ಕೃಷ್ಣಭಕ್ತಿ ಅವರ ನಂತರದ ನೂರು ವರ್ಷಗಳಲ್ಲಿ ಬಂಗಾಳದ ಹಳ್ಳಿಹಳ್ಳಿಗೂ ಹೋಯಿತು. ಪೂಜೆಯ ಜಾಗ ಗರ್ಭಗುಡಿಯ ಕತ್ತಲಿಂದ ಅಂಗಳಕ್ಕೆ ಬಂತು. ಜನ ಸೇರಿ ಕೀರ್ತನೆ ಹಾಡಬೇಕು, ಕುಣಿಯಬೇಕು, ಎಲ್ಲರಿಗೂ ದೇವರು ಕಾಣಬೇಕು. ಹಾಗಾಗಿ ಕಟ್ಟಡ ಚಿಕ್ಕದಾಯಿತು, ಅದರ ಮುಖ ಮುಖ್ಯವಾಯಿತು. ಮುಂದೆ ಮೂರು ಕಮಾನಿನ ಜಗುಲಿ, ಅದರ ಎದುರು ಅಂಗಳ. ರತ್ನ ದೇವಸ್ಥಾನದಲ್ಲಿ ನಡುವಿನ ಶಿಖರದೊಳಗೆ ಒಂದು ಮೇಲ್ಕೋಣೆ ಇರುತ್ತದೆ. ಹಬ್ಬದ ದಿನ ರಾಧಾಕೃಷ್ಣರನ್ನು ಅಲ್ಲಿಗೆ ಏರಿಸಿದರೆ ಕೆಳಗಿನ ಜನಕ್ಕೆಲ್ಲ ದರ್ಶನ ಸಿಗುತ್ತದೆ. ದೊಡ್ಡ ಪ್ರಾಕಾರ, ಒಂದರ ಹಿಂದೊಂದು ಮಂಟಪ ದಾಟಿ ಒಳಗೆ ಹೋಗುವ ನಮ್ಮ ರೂಢಿಗೆ ಇದು ಹೊಸದು. ‘ಇಷ್ಟು ಪುಟ್ಟ ದೇವಸ್ಥಾನಗಳು ಇಷ್ಟೊಂದು ಯಾಕೆ’ ಎಂದು ನೋಡಿದವರಿಗೆ ಅನಿಸುವುದು ಇದರಿಂದಲೇ.

ಬಿಷ್ಣುಪುರದ ಕಥೆ ಪೂರ್ತಿ ಈ ಭಕ್ತಿಯದ್ದೇ. ಮಲ್ಲ ದೊರೆ ಬೀರ್ ಹಂಬೀರ್ ಚೈತನ್ಯರ ಪಂಥದ ಗುರು ಶ್ರೀನಿವಾಸ ಆಚಾರ್ಯರಿಂದ ವೈಷ್ಣವ ದೀಕ್ಷೆ ಪಡೆದ. 1600ರ ಹೊತ್ತಿಗೆ ರಾಸಮಂಚ ಕಟ್ಟಿಸಿದ. ಅದು ದಿನದ ಪೂಜೆಯ ಗುಡಿಯೇ ಅಲ್ಲ. ರಾಸೋತ್ಸವದ ದಿನಗಳಲ್ಲಿ ಊರಿನ ರಾಧಾಕೃಷ್ಣ ಮೂರ್ತಿಗಳನ್ನೆಲ್ಲ ತಂದು ಇಡಲು ಕಟ್ಟಿಸಿದ್ದು. ಜಂಬಿಟ್ಟಿಗೆಯ ಎತ್ತರದ ಜಗತಿ, ಮೇಲೆ ಕಮಾನುಗಳ ಮೂರು ಸುತ್ತಿನ ಮೊಗಸಾಲೆ, ನಡುವೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಪಿರಮಿಡ್ಡು. ಅದರ ಬುಡದ ಸುತ್ತ ನೋಡಿ, ಸಾಲಾಗಿ ಪುಟ್ಟ ಪುಟ್ಟ ಗುಡಿಸಲಿನ ಮಾಡುಗಳೇ ಇವೆ. ಅವನ ಮಗ ರಘುನಾಥ ಸಿಂಹ 1643ರಲ್ಲಿ ಶ್ಯಾಮರಾಯ ದೇವಸ್ಥಾನ ಕಟ್ಟಿಸಿದ, ಅದು ಪಂಚರತ್ನ. ನಡುವಿನ ಶಿಖರಕ್ಕೆ ಎಂಟು ಮೂಲೆ, ಉಳಿದವು ಚೌಕ. ನಾಲ್ಕು ಗೋಡೆಯ ಹೊರಗೂ ಒಳಗೂ ಸುಟ್ಟ ಮಣ್ಣಿನ ಕೆತ್ತನೆ ತುಂಬಿದೆ. ಗೋಪಿಯರು ಸುತ್ತುಗಟ್ಟಿ ಕುಣಿಯುವ ರಾಸಮಂಡಲದ ವೃತ್ತವನ್ನು ಹುಡುಕಿ ನೋಡದೆ ಅಲ್ಲಿಂದ ಬರಲೇಬಾರದು.

ಬಿಷ್ಣುಪುರ ಬಯಲಿನ ಪಶ್ಚಿಮ ಅಂಚಿನಲ್ಲಿರುವ ಊರು. ಅಲ್ಲಿ ನೆಲದಡಿ ಜಂಬಿಟ್ಟಿಗೆ ಸಿಗುತ್ತದೆ, ನಮ್ಮ ಕರಾವಳಿಯವರು ಮುರಕಲ್ಲು ಎನ್ನುವುದು. ಹಾಗಾಗಿ ಅಲ್ಲಿ ಎರಡೂ ಬಗೆಯ ಕಟ್ಟಡಗಳಿವೆ. ಕಾಲಾಚಾಂದ್ (1656), ಲಾಲ್‌ಜಿ (1658), ರಾಧಾಶ್ಯಾಮ (1758) ಜಂಬಿಟ್ಟಿಗೆಯ ಏಕರತ್ನಗಳು. ಮದನಮೋಹನ (1694) ಇಟ್ಟಿಗೆಯ ಏಕರತ್ನ. ಜಂಬಿಟ್ಟಿಗೆಯಲ್ಲಿ ತೂತು ಜಾಸ್ತಿ, ಸಣ್ಣ ಕೆತ್ತನೆ ನಿಲ್ಲುವುದಿಲ್ಲ. ಅದಕ್ಕೇ ಅವುಗಳ ಮೇಲೆ ಸುಣ್ಣದ ಗಾರೆ ಬಳಿದು ಅದರಲ್ಲಿ ಚಿತ್ತಾರ ಮಾಡಿದರು. ಗಾರೆ ಬಹುಪಾಲು ಉದುರಿಹೋಗಿದೆ. ಈಗ ಬೋಳಾಗಿ ಕಾಣುವ ಆ ಗೋಡೆಗಳು ಕಟ್ಟಿದಾಗ ಬೋಳಾಗಿರಲಿಲ್ಲ.

ಇನ್ನು ಮಸೀದಿಯ ವಿಷಯ. ನಿಮ್ಮ ಜೊತೆಗಿದ್ದವರು ಹೇಳಿದ್ದರಲ್ಲಿ ಸತ್ಯ ಇದೆ, ಆದರೆ ಅರ್ಧ. ಕಮಾನು, ಗುಮ್ಮಟ ಕಟ್ಟುವ ವಿದ್ಯೆ ಬಂಗಾಳದಲ್ಲಿ ಹರಡಿದ್ದು ಸುಲ್ತಾನರ ಕಾಲದಲ್ಲಿ. ಆಟ್ ಚಾಲಾ ಅಥವಾ ರತ್ನ ದೇವಸ್ಥಾನದ ಒಳಗೆ ನಿಂತು ತಲೆ ಎತ್ತಿದರೆ ಹೊರಗಿನ ಗುಡಿಸಲಿನ ಆಕಾರ ಒಳಗಿಲ್ಲ. ಮೂಲೆಗಳಲ್ಲಿ ಇಟ್ಟಿಗೆಯನ್ನು ಸ್ವಲ್ಪ ಸ್ವಲ್ಪವೇ ಮುಂದೆ ಚಾಚಿ, ಚೌಕವನ್ನು ದುಂಡಗೆ ತಿರುಗಿಸಿ, ಮೇಲೆ ಗುಮ್ಮಟ ಮುಚ್ಚಿರುತ್ತಾರೆ. ಇದು ಮಸೀದಿ ಕಟ್ಟಿದವರ ಕೈಯಲ್ಲಿ ಪಳಗಿದ ಕೆಲಸ. ಬಾಗಿದ ಸೂರು ಇಟ್ಟಿಗೆಯಲ್ಲಿ ಮೊದಲು ಕಾಣುವುದೂ ಸುಲ್ತಾನರ ಕಟ್ಟಡಗಳಲ್ಲೇ. ಮಾಲ್ದಾ ಜಿಲ್ಲೆಯ ಪಾಂಡುವಾದಲ್ಲಿ 15ನೇ ಶತಮಾನದ ಮೊದಲ ಭಾಗದ ಏಕಲಾಖಿ ಗೋರಿ ಇದೆ. ಚೌಕ ಕಟ್ಟಡ, ಬಾಗಿದ ಸೂರು, ಮೇಲೆ ಒಂದು ಗುಮ್ಮಟ. ಗುಮ್ಮಟದ ಜಾಗಕ್ಕೆ ಶಿಖರ ಇಟ್ಟು ನೋಡಿ, ಏಕರತ್ನದ ಹತ್ತಿರಕ್ಕೆ ಬಂದಿರುತ್ತೀರಿ. ಬಾಂಗ್ಲಾದೇಶದ ಬಾಗೇರ್‌ಹಾಟಿನಲ್ಲಿರುವ ಷಾಟ್ ಗುಂಬಜ್ ಮಸೀದಿಯಲ್ಲಿ ನಡುವಿನ ಸಾಲಿಗೆ ದುಂಡು ಗುಮ್ಮಟ ಬಿಟ್ಟು ಚಾರ್ ಚಾಲಾ ಮಾಡುಗಳನ್ನೇ ಹಾಕಿದ್ದಾರೆ.

ಅರ್ಧ ಎಂದೆ ಯಾಕೆ? ಆ ಸುಲ್ತಾನರ ಮೇಸ್ತ್ರಿಗಳಿಗೆ ಈ ಬಾಗು ಸಿಕ್ಕಿದ್ದು ಎಲ್ಲಿಂದ? ಅದೇ ಹಳ್ಳಿಮನೆಯಿಂದ. ಗುಡಿಸಲು ಹಿಂದೂಗಳದ್ದೂ ಹೌದು, ಮುಸಲ್ಮಾನರದ್ದೂ ಹೌದು. ಸುಟ್ಟ ಮಣ್ಣಿನ ಅಲಂಕಾರವೂ ಈ ಮಸೀದಿ, ದೇವಸ್ಥಾನಗಳಿಗಿಂತ ಹಳೆಯದು. ಪಾಲ ದೊರೆಗಳ ಕಾಲದಲ್ಲಿ, 8ನೇ ಶತಮಾನದಲ್ಲಿ ಕಟ್ಟಿದ ಪಹಾಡ್‌ಪುರದ ಬೌದ್ಧ ವಿಹಾರದ ಗೋಡೆಗಳಲ್ಲಿ ಸಾಲು ಸಾಲು ಮಣ್ಣಿನ ಫಲಕಗಳಿವೆ. ಮಸೀದಿಗಳು ಅದನ್ನು ಬಳ್ಳಿ, ಹೂವು, ತೂಗುದೀಪಗಳಲ್ಲಿ ಮುಂದುವರಿಸಿದವು. ದೇವಸ್ಥಾನಗಳು ಮತ್ತೆ ಮನುಷ್ಯರನ್ನು, ದೇವರನ್ನು ಅದರೊಳಗೆ ಕರೆತಂದವು. ಆ ಮಾಡು ಅಲ್ಲಿಗೂ ನಿಲ್ಲಲಿಲ್ಲ. ಶಾಹಜಹಾನನ ಆಗ್ರಾ ಕೋಟೆಯಲ್ಲಿ, ದೆಹಲಿಯ ಕೆಂಪುಕೋಟೆಯಲ್ಲಿ ಅವನ ಸಿಂಹಾಸನದ ಮೇಲೆ, ಆಮೇಲೆ ರಾಜಸ್ಥಾನದ ಅರಮನೆಗಳಲ್ಲಿ ಅಮೃತಶಿಲೆಯ ಬಾಗಿದ ಮಾಡುಗಳು ಬಂದವು. ಬಂಗಾಳದ ರೈತನ ಹುಲ್ಲುಮಾಡು ಬಾದಶಹನ ತಲೆಯ ಮೇಲೆ ಹೋಗಿ ಕೂತಿತು! ಇದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ. ‘ಯಾರು ಯಾರನ್ನು ನೋಡಿ ಕಟ್ಟಿದರು’ ಎಂದು ಜಗಳಕ್ಕೆ ಇಳಿದರೆ ಈ ಪ್ರಯಾಣವೇ ಕಾಣದೆ ಹೋಗುತ್ತದೆ.

ಕೆತ್ತನೆಯ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳಲೇಬೇಕು. ಈ ದೇವಸ್ಥಾನಗಳನ್ನು ಕಟ್ಟಿದವರು ಸೂತ್ರಧರ್ ಎಂಬ ಕುಶಲಕರ್ಮಿಗಳು. ಮರ, ಕಲ್ಲು, ಮಣ್ಣು, ಚಿತ್ರ ಎಲ್ಲವೂ ಅವರ ಕೈಗೆ ಬಗ್ಗುತ್ತಿತ್ತು. ಹದವಾಗಿ ಆರಿದ ಹಸಿ ಫಲಕದ ಮೇಲೆ ಕೆತ್ತಿ, ಸುಟ್ಟು, ಆಮೇಲೆ ಗಾರೆಯಿಂದ ಗೋಡೆಗೆ ಕೂರಿಸುತ್ತಿದ್ದರು. ಒಮ್ಮೆ ಸುಟ್ಟ ಮೇಲೆ ತಿದ್ದುವ ಹಾಗಿಲ್ಲ. ಯಾವ ಫಲಕ ಯಾವುದರ ಪಕ್ಕಕ್ಕೆ ಎಂಬುದು ಮೊದಲೇ ತಲೆಯಲ್ಲಿ ಇರಬೇಕು. ನಡುವಿನ ಕಮಾನಿನ ಮೇಲೆ ಸಾಮಾನ್ಯವಾಗಿ ರಾಮ–ರಾವಣರ ಯುದ್ಧ. ಅಲ್ಲಲ್ಲಿ ಕೃಷ್ಣಲೀಲೆ, ದಶಾವತಾರ, ಮಕ್ಕಳ ಜೊತೆ ಬಂದ ದುರ್ಗೆ. ಕಣ್ಣನ್ನು ಕೆಳಕ್ಕೆ ಇಳಿಸಿ, ಬುಡದ ಪಟ್ಟಿ ನೋಡಿ. ಅಲ್ಲಿ ದೇವರಿಲ್ಲ, ಊರಿದೆ. ಬೇಟೆ, ದೋಣಿ, ಪಲ್ಲಕ್ಕಿ, ಹುಕ್ಕಾ ಸೇದುವ ಜಮೀನುದಾರ, ಕೋವಿ ಹಿಡಿದು ಟೋಪಿ ಹಾಕಿದ ಫರಂಗಿ ಸಿಪಾಯಿ. ಕಟ್ಟಡದ ಮೂಲೆಗಳಲ್ಲಿ ಪ್ರಾಣಿ, ಸವಾರರು ಒಬ್ಬರ ಮೇಲೊಬ್ಬರು ಎರಗುತ್ತಾ ಸೂರಿನತನಕ ಏರುವ ಒಂದು ಸರಣಿ ಇರುತ್ತದೆ. ಅದಕ್ಕೆ ಮೃತ್ಯುಲತಾ ಎನ್ನುತ್ತಾರೆ. ಗೈಡ್‌ಗಳು ಇದನ್ನು ಎಷ್ಟೋ ಸಲ ಬಿಟ್ಟುಬಿಡುತ್ತಾರೆ.

ಕೆತ್ತನೆಯಲ್ಲಿ ಶ್ಯಾಮರಾಯನಿಗೆ ಸಮನಾಗಿ ನಿಲ್ಲುವುದು ಬಾಂಗ್ಲಾದೇಶದ ದಿನಾಜ್‌ಪುರದ ಕಾಂತಜಿ ದೇವಸ್ಥಾನ. ಮಹಾರಾಜ ಪ್ರಾಣನಾಥ ಶುರು ಮಾಡಿದ್ದನ್ನು ಅವನ ದತ್ತುಮಗ ರಾಮನಾಥ 1752ರಲ್ಲಿ ಮುಗಿಸಿದ. ಅದು ನವರತ್ನ. 1897ರ ಭೂಕಂಪದಲ್ಲಿ ಒಂಬತ್ತು ಶಿಖರವೂ ಬಿದ್ದುಹೋದವು. ಈಗ ನೋಡಿದರೆ ಮೇಲೆ ಚಪ್ಪಟೆ, ಮೆಟ್ಟಿಲಂತೆ ಏರುವ ಅಂತಸ್ತುಗಳು ಮಾತ್ರ. ಗೋಡೆಗಳು ಮಾತ್ರ ಬುಡದಿಂದ ತುದಿಯವರೆಗೆ ಫಲಕಗಳಿಂದ ತುಂಬಿವೆ. ಶಿಖರ ಇಲ್ಲ ಎಂದು ಅದನ್ನು ಬೇರೆ ಶೈಲಿ ಎಂದುಕೊಳ್ಳಬೇಡಿ.

ನಾಗರ ಶೈಲಿಯಾ ಎಂಬ ನಿಮ್ಮ ಪ್ರಶ್ನೆಗೆ ಚಿಕ್ಕ ಉತ್ತರ: ಚಾಲಾ, ರತ್ನ ಎರಡೂ ಅಲ್ಲ. ಆದರೆ ನಾಗರವೂ ಬಂಗಾಳದಲ್ಲಿ ಇತ್ತು. ಎತ್ತರಕ್ಕೆ ಏರಿ ತುದಿಯಲ್ಲಿ ಒಳಕ್ಕೆ ಬಾಗುವ ಶಿಖರದ ಆ ಗುಡಿಯನ್ನು ಅಲ್ಲಿ ರೇಖಾ ದೇವುಲ್ ಎನ್ನುತ್ತಾರೆ, ಒಡಿಶಾದ ಕಡೆಯ ನಂಟು. ಬಾಂಕುಡಾ ಜಿಲ್ಲೆಯ ಬಹುಲಾಡಾದ ಸಿದ್ಧೇಶ್ವರ, ಸುಂದರಬನದ ಜಟಾರ್ ದೇವುಲ್ ಇಟ್ಟಿಗೆಯ ಹಳೆಯ ದೇವುಲ್‌ಗಳು. ಬರಾಕರ್‌ನಲ್ಲಿ ಕಲ್ಲಿನವು ಇವೆ. ಸುಲ್ತಾನರಿಗಿಂತ ಹಿಂದಿನ ದೇವಸ್ಥಾನಗಳಲ್ಲಿ ಉಳಿದದ್ದು ತೀರಾ ಕಡಿಮೆ.

ಇಲ್ಲಿ ಕನ್ನಡಿಗರಿಗೆ ಒಂದು ಕುತೂಹಲ ಬರುವುದು ಸಹಜ. 11–12ನೇ ಶತಮಾನಗಳಲ್ಲಿ ಬಂಗಾಳ ಆಳಿದ ಸೇನರು ತಮ್ಮ ಮೂಲ ಕರ್ಣಾಟ ಎಂದು ಹೇಳಿಕೊಂಡವರು. ವಿಜಯಸೇನನ ದೇವಪಾಡಾ ಶಾಸನದಲ್ಲಿ ಅದು ಬರುತ್ತದೆ. ಅವನು ಕಟ್ಟಿಸಿದ ಪ್ರದ್ಯುಮ್ನೇಶ್ವರ ದೇವಸ್ಥಾನದ ವರ್ಣನೆಯೂ ಅದೇ ಶಾಸನದಲ್ಲಿದೆ. ದೇವಸ್ಥಾನ ಈಗ ಇಲ್ಲ. ಆದರೆ ಚಾಲಾ, ರತ್ನ ದೇವಸ್ಥಾನಗಳು ಶುರುವಾದದ್ದು ಸೇನರು ಹೋಗಿ ಶತಮಾನಗಳಾದ ಮೇಲೆ. ಅವುಗಳಲ್ಲಿ ಚಾಲುಕ್ಯರ ಕೈ ಹುಡುಕುವುದರಲ್ಲಿ ಅರ್ಥವಿಲ್ಲ.

ಈ ಹೆಸರುಗಳನ್ನು ಇಷ್ಟು ಸಲೀಸಾಗಿ ಹೇಳಲು ಆಗುತ್ತಿರುವುದಕ್ಕೆ ಒಬ್ಬರನ್ನು ನೆನೆಯಬೇಕು. ಡೇವಿಡ್ ಮೆಕಚನ್, ಜಾದವಪುರ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಕಲಿಸುತ್ತಿದ್ದ ಇಂಗ್ಲಿಷ್ ಮೇಷ್ಟ್ರು. ರಜೆ ಸಿಕ್ಕಾಗಲೆಲ್ಲ ಹಳ್ಳಿ ಸುತ್ತಿ ಸಾವಿರಾರು ದೇವಸ್ಥಾನಗಳ ಫೋಟೋ ತೆಗೆದು, ಅಳೆದು, ಬಗೆ ಬಗೆಯಾಗಿ ವಿಂಗಡಿಸಿದರು. 1972ರಲ್ಲಿ ಪೋಲಿಯೋ ಬಂದು ಕೋಲ್ಕತ್ತಾದಲ್ಲೇ ತೀರಿಕೊಂಡರು. ಆಗ ಅವರಿಗೆ 41. ಅವರು ಫೋಟೋ ತೆಗೆದ ಎಷ್ಟೋ ಗುಡಿಗಳು ಆಮೇಲೆ ಬಿದ್ದಿವೆ. ಆಲ, ಅಶ್ವತ್ಥದ ಬೇರು ಇಟ್ಟಿಗೆಯ ಸಂದಿಗೆ ಇಳಿಯುತ್ತದೆ. ಉಪ್ಪು, ತೇವ ಫಲಕವನ್ನು ತಿನ್ನುತ್ತದೆ. ಕಳ್ಳರು ಫಲಕ ಕಿತ್ತು ಮಾರುತ್ತಾರೆ. ಇವೆಲ್ಲಕ್ಕಿಂತ ನನಗೆ ಸಂಕಟ ಕೊಡುವುದು ಜೀರ್ಣೋದ್ಧಾರದ ಹೆಸರಿನ ಬಣ್ಣ, ಸಿಮೆಂಟು. ಭಕ್ತಿಯಿಂದಲೇ ಮಾಡುತ್ತಾರೆ, ನಿಜ. ಆದರೆ ಎನಾಮಲ್ ಬಳಿದ ಫಲಕದ ಮುಖ, ಬೆರಳು, ಸೀರೆಯ ನೆರಿಗೆ ಎಲ್ಲ ಮುಚ್ಚಿಹೋಗುತ್ತದೆ. ಸುರ್ಕಿಯ ಮೇಲೆ ಸಿಮೆಂಟು ಬಂದರೆ ಒಳಗಿನ ತೇವ ಹೊರಗೆ ಹೋಗದೆ ಇಟ್ಟಿಗೆಯೇ ಪುಡಿಯಾಗುತ್ತದೆ.

ಮತ್ತೆ ಹೋಗುವುದಾದರೆ ಅಂಬಿಕಾ ಕಾಲ್ನಾಕ್ಕೆ ಒಂದು ದಿನ ಇಡಿ. ಹೌರಾದಿಂದ ಕಾಟ್ವಾ ಕಡೆಗೆ ಹೋಗುವ ರೈಲು ಹತ್ತಿ ಅಲ್ಲಿ ಇಳಿಯಬಹುದು. ಒಂದೇ ಆವರಣದಲ್ಲಿ ಎರಡು 25 ರತ್ನಗಳು, ಮೈತುಂಬ ಕೆತ್ತನೆಯ ಪ್ರತಾಪೇಶ್ವರ ಎಂಬ 1849ರ ರೇಖಾ ದೇವುಲ್, ಒಂದು ರಾಸಮಂಚ. ರಸ್ತೆ ದಾಟಿದರೆ 1809ರ ನವಕೈಲಾಸ: ಎರಡು ವೃತ್ತಗಳಲ್ಲಿ 108 ಪುಟ್ಟ ಆಟ್ ಚಾಲಾ ಶಿವಾಲಯಗಳು, ಹೊರಗಿನ ಸುತ್ತಿನಲ್ಲಿ 74, ಒಳಗಿನದರಲ್ಲಿ 34. ದಾರಿಯಲ್ಲೇ ಬಾಂಸಬೇಡಿಯಾ ಸಿಗುತ್ತದೆ. ಅಲ್ಲಿ 1679ರ ಅನಂತ ವಾಸುದೇವ ಏಕರತ್ನ, ಅದರ ಪಕ್ಕದಲ್ಲಿ 1814ರಲ್ಲಿ ಮುಗಿದ ಹಂಸೇಶ್ವರಿ. ಹಂಸೇಶ್ವರಿಯ 13 ಶಿಖರಗಳು ತಾವರೆ ಮೊಗ್ಗುಗಳು. ಅದು ತಂತ್ರಶಾಸ್ತ್ರದ (ದೇವಿ ಉಪಾಸನೆಯ) ಲೆಕ್ಕದಲ್ಲಿ ಕಟ್ಟಿದ್ದು, ಅಂಥದ್ದು ಬೇರೆಲ್ಲೂ ಇಲ್ಲ.

ಬಾಗಿಲ ಮೇಲಿನ ಪ್ರತಿಷ್ಠಾ ಫಲಕವನ್ನೂ ನೋಡಿ. ಇಸವಿ ಹೆಚ್ಚಾಗಿ ಶಕ ವರ್ಷದಲ್ಲಿ ಇರುತ್ತದೆ, 78 ಕೂಡಿಸಿದರೆ ನಮ್ಮ ಲೆಕ್ಕಕ್ಕೆ ಬರುತ್ತದೆ. ಬಿಷ್ಣುಪುರದಲ್ಲಿ ಮಾತ್ರ ಮಲ್ಲ ದೊರೆಗಳದೇ ಶಕ ನಡೆಯುತ್ತಿತ್ತು, ಅಲ್ಲಿ 694 ಕೂಡಿಸಬೇಕು. ಜೋಡ್ ಬಾಂಗ್ಲಾದಲ್ಲಿರುವ 961 ಹಾಗೆ 1655 ಆಗುತ್ತದೆ. ಫೋಟೋ ತೆಗೆಯುವುದಿದ್ದರೆ ಬೆಳಗ್ಗೆ ಬೇಗ ಅಥವಾ ಸಂಜೆ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗಲೇ ಈ ಕೆತ್ತನೆ ಎದ್ದು ಕಾಣುವುದು. ನಡುಮಧ್ಯಾಹ್ನ ಎಲ್ಲ ಚಪ್ಪಟೆ.